ಮುಕ್ಕಾಲು ಗುಡ್ಡೆ

ಬಾರದ ವಿದ್ಯೆಯನ್ನು ಮುಚ್ಚಿಟ್ಟುಕೊಂಡು ಬದುಕುವುದು ಅಂಥ ಕಷ್ಟವೇನಲ್ಲ. ಈಜು ಬಾರದವನು ಬಾವಿಯ ಕಡೆ ಹೋಗದಿದ್ದರಾಯಿತು, ಹಾಡು ಬಾರದವನು ಗಂಟಲು ಕಟ್ಟಿದೆ ಎಂದರಾಯಿತು. ಆದರೆ ನನಗೆ ಬಾರದಿದ್ದದ್ದು ಭಿನ್ನರಾಶಿ, ನಾನು ಮಾಡುತ್ತಿದ್ದದ್ದು ಹೊಸಕೋಟೆ ಕಡೆಯ ಒಂದು ಹಳ್ಳಿಯಲ್ಲಿ ಸ್ಕೂಲು ಮೇಷ್ಟರ ಕೆಲಸ. ಚಿಕ್ಕವನಿದ್ದಾಗ, ಭಿನ್ನರಾಶಿ ಹೇಳಿಕೊಟ್ಟ ತಿಂಗಳು ಪೂರ್ತಿ ನಾನು ಚಳಿಜ್ವರ ಬಂದು ಕಂಬಳಿಯೊಳಗಿದ್ದೆ. ಎದ್ದ ಮೇಲೆ ಯಾರನ್ನಾದರೂ ಕೇಳಲು ನಾಚಿಕೆ. ನಾನೇ ಒಂದು ದಾರಿ ಮಾಡಿಕೊಂಡೆ: ಮೇಲಿನ ಅಂಕಿಗೆ ಮೇಲಿನದನ್ನು ಕೂಡಿಸು, ಕೆಳಗಿನದಕ್ಕೆ ಕೆಳಗಿನದನ್ನು ಕೂಡಿಸು. ನೋಡಲು ಎಷ್ಟು ನ್ಯಾಯವಾಗಿದೆ! ಮೇಷ್ಟರಾದ ಮೇಲೆ ಇದನ್ನೇ ಮಕ್ಕಳಿಗೂ ಹೇಳಿಕೊಟ್ಟೆ. ಪುಸ್ತಕದ ಕೊನೆಯಲ್ಲಿದ್ದ ಉತ್ತರ ನನ್ನ ಉತ್ತರಕ್ಕೆ ಹೊಂದದಿದ್ದರೆ, "ಯುದ್ಧದ ಕಾಲ ಕಣ್ರೋ, ಅಚ್ಚಿನ ತಪ್ಪು" ಎಂದುಬಿಡುತ್ತಿದ್ದೆ. ಆಗ ಸೀಮೆಎಣ್ಣೆ ಸಿಗದಿದ್ದರೂ ಯುದ್ಧ, ಬಟ್ಟೆ ಸಿಗದಿದ್ದರೂ ಯುದ್ಧ. ನನ್ನ ದಡ್ಡತನವನ್ನೂ ಅದರ ತಲೆಗೇ ಕಟ್ಟಿದ್ದರಿಂದ ಯಾರೂ ಕೇಳಲಿಲ್ಲ.

ಒಬ್ಬಳನ್ನು ಬಿಟ್ಟು. ನಾಲ್ಕನೇ ಕ್ಲಾಸಿನ ಗೌರಿ ಎಂಬ ಹುಡುಗಿ. ಅರ್ಧಕ್ಕೆ ಕಾಲು ಕೂಡಿಸಿ ಎಂದಾಗ ಕ್ಲಾಸಿಗೆ ಕ್ಲಾಸೇ ನಾನು ಹೇಳಿಕೊಟ್ಟಂತೆ ಮೇಲೆ ಎರಡು, ಕೆಳಗೆ ಆರು, ಅಂದರೆ ಮೂರರಲ್ಲೊಂದು ಪಾಲು ಎಂದು ಬರೆದರೆ, ಇವಳು ಮಾತ್ರ ಮುಕ್ಕಾಲು ಎಂದು ಬರೆದು ಸ್ಲೇಟು ತಂದಳು. ಹೇಳಿದಂತೆ ಮಾಡಲು ಏನು ಧಾಡಿ ಎಂದು ಅಂಗೈಗೆ ಎರಡು ಏಟು ಕೊಟ್ಟೆ. ಎರಡನೇ ಸಲ ಅವಳೂ ಮೂರರಲ್ಲೊಂದು ಎಂದು ಬರೆದು ತಂದಳು. ದೊಡ್ಡದಾಗಿ 'ಸರಿ' ಗುರುತು ಹಾಕಿ, ಪರವಾಗಿಲ್ಲ, ಪಾಠ ಹೇಳುವುದು ನನಗೆ ಬರುತ್ತದೆ ಎಂದುಕೊಂಡೆ.

ಆ ವರ್ಷವೇ ನನ್ನ ಮದುವೆಯಾಯಿತು. ಹೆಂಡತಿ ಜಯಮ್ಮನ ತವರು ನಂದಗುಡಿಯ ಪಕ್ಕದ ಹಳ್ಳಿ. ಮೊದಲ ಯುಗಾದಿಗೆ ಅಲ್ಲಿಗೆ ಹೋದೆವು. ಹಬ್ಬದ ಮಾರನೆಯ ದಿನ ಹೊಸತೊಡಕು. ಬೀದಿಯವರೆಲ್ಲ ಸೇರಿ ಒಂದು ಕುರಿ ತಂದು, ಬಾಡನ್ನು ಬಾಳೆಎಲೆಯ ಮೇಲೆ ಸಮಸಮ ಗುಡ್ಡೆ ಹಾಕಿ ಹಂಚಿಕೊಳ್ಳುವುದು ಅಲ್ಲಿಯ ಪದ್ಧತಿ. ದೊಡ್ಡ ಸಂಸಾರಕ್ಕೆ ಒಂದು ಗುಡ್ಡೆ, ಸಣ್ಣದಕ್ಕೆ ಅರ್ಧ, ಕಾಲು. ನಮ್ಮ ಮಾವನವರು ಮೀಸೆ ತಿರುವುತ್ತಾ, "ಈ ವರ್ಷ ನಮ್ಮ ಅಳಿಯಂದ್ರೇ ಪಾಲು ಹಾಕ್ಲಿ. ಮೇಷ್ಟ್ರು, ಲೆಕ್ಕದಲ್ಲಿ ಎತ್ತಿದ ಕೈ!" ಎಂದು ಸಾರಿದರು. ಬಾಗಿಲಲ್ಲಿ ಗೆಳತಿಯರ ನಡುವೆ ನಿಂತಿದ್ದ ಜಯಮ್ಮನ ಮುಖ ಅರಳಿತು. ಆ ಮುಖ ನೋಡಿಯೇ ನಾನು ಕೆಟ್ಟೆ.

ಒಂದು, ಅರ್ಧ, ಕಾಲು ಎಲ್ಲ ಸುಸೂತ್ರವಾಗಿ ನಡೆಯಿತು. ಕೊನೆಗೆ ಕೆಂಪಜ್ಜಿ ಎಲೆ ಹಿಡಿದು ಬಂದಳು. "ನಂದು ಅರ್ಧ ಗುಡ್ಡೆ. ಪಕ್ಕದ್ಮನೆ ರಂಗಪ್ಪ ಮಗಳ ಊರಿಗೆ ಹೋದ, ಅವನ ಕಾಲು ಗುಡ್ಡೇನೂ ನಂಗೇ ಬಿಟ್ಟವ್ನೆ. ಮನೇಲಿ ನೆಂಟ್ರವ್ರೆ, ಬೇಗ ಹಾಕಪ್ಪ" ಎಂದಳು. ಬೇರೆಯವರು ಬಾಯಿ ತೆರೆಯುವ ಮೊದಲೇ ನಾನು ಇದ್ದಿಲು ತೆಗೆದುಕೊಂಡು ಮಾವನವರ ಸುಣ್ಣದ ಗೋಡೆಯ ಮೇಲೆ ಲೆಕ್ಕ ಬಿಡಿಸಿ, "ಒಂದು ಗುಡ್ಡೇಲಿ ಮೂರನೇ ಒಂದು ಪಾಲು" ಎಂದು ತೀರ್ಪು ಕೊಟ್ಟೆ.

ಬಾಡು ಕೊಯ್ಯುತ್ತಿದ್ದ ಮುನಿಯಪ್ಪ ಕತ್ತಿ ಕೆಳಗಿಟ್ಟ. "ಅಳಿಯಂದ್ರೇ, ಅರ್ಧಕ್ಕಿಂತ ಕಮ್ಮಿ ಆಗೋಯ್ತಲ್ಲ?"

"ಶಾಸ್ತ್ರೀಯವಾಗಿ ಮಾಡಿದ್ರೆ ಹಾಗೇ ಬರೋದು" ಎಂದೆ.

ಅಜ್ಜಿ ಗೋಡೆ ನೋಡಿದಳು, ಎಲೆ ನೋಡಿದಳು, ನನ್ನನ್ನು ನೋಡಿದಳು. "ಹಂಗಾದ್ರೆ ರಂಗಪ್ಪನ ಕಾಲು ನಂಗೆ ಬ್ಯಾಡ ಕಣಪ್ಪ. ಅದನ್ನ ವಾಪಸ್ ತಗೊಂಡು ನನ್ನ ಅರ್ಧ ನಂಗೆ ಕೊಟ್ಬಿಡು!"

ಬೀದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಜಯಮ್ಮ ನಗಲಿಲ್ಲ, ಒಳಗೆ ಹೋದಳು. ಮಾವನವರು ಮೀಸೆಯಿಂದ ಕೈ ತೆಗೆದರು. ಮುನಿಯಪ್ಪ ಗುಡ್ಡೆಯನ್ನು ಎರಡು ಮಾಡಿದ, ಎರಡನ್ನು ನಾಲ್ಕು ಮಾಡಿದ, ಮೂರನ್ನು ಅಜ್ಜಿಯ ಎಲೆಗೆ ಸುರಿದ. "ತಗೋ, ಮುಕ್ಕಾಲು" ಎಂದ. ಎಷ್ಟು ಸಲ ನಾನು ಮುಕ್ಕಾಲು ಸೇರು ರಾಗಿ ಅಳೆದಿಲ್ಲ! ಆದರೆ ರಾಗಿಯ ಮುಕ್ಕಾಲೂ ಪುಸ್ತಕದ ಭಿನ್ನರಾಶಿಯೂ ಒಂದೇ ಎಂಬುದು ಅವತ್ತಿನವರೆಗೂ ನನ್ನ ತಲೆಗೆ ಹೊಳೆದಿರಲಿಲ್ಲ.

ಊಟಕ್ಕೆ ಕೂತಾಗ ಜಯಮ್ಮ ಸಾರಿನ ಸೌಟು ಹಿಡಿದು, "ಇಷ್ಟು ಸಾಕಾ, ಇಲ್ಲ ಲೆಕ್ಕ ಹಾಕಿ ಹೇಳ್ತೀರಾ?" ಎಂದು ಮೆಲ್ಲಗೆ ಕೇಳಿದಳು. ಅದನ್ನು ನುಂಗಿಕೊಂಡೆ. ನುಂಗಲಾಗದೆ ಹೋದದ್ದು ಗೌರಿಯ ನೆನಪು. ಬರೆದದ್ದು ಸರಿಯಾಗಿದ್ದುದಕ್ಕೆ ಏಟು ತಿಂದ ಆ ಪುಟ್ಟ ಅಂಗೈ ಕಣ್ಣ ಮುಂದೆ ಬಂತು. ಅಂಥ ನಾಚಿಕೆ ನನಗೆ ಬೀದಿಯ ನಗುವಿನಿಂದಲೂ ಆಗಿರಲಿಲ್ಲ.

ರಜೆ ಮುಗಿದ ದಿನವೇ ಎಲ್ಲರ ಮುಂದೆ ಗೌರಿಯನ್ನು ಕರೆದು, "ಅವತ್ತು ನೀನು ಬರೆದದ್ದೇ ಸರಿ ಕಣಮ್ಮ. ತಪ್ಪು ನಂದು" ಎಂದೆ. ಅವಳು ತಲೆ ತಗ್ಗಿಸಿ, "ಗೊತ್ತಿತ್ತು ಸಾ. ನಿಮ್ಗೆ ಬೇಜಾರಾಗ್ತದೆ ಅಂತ ಎರಡನೇ ಸಲ ನಿಮ್ಮ ಥರಾನೇ ಬರೆದೆ" ಎಂದಳು.

ಹಿಂದಿನ ಸಾಲಿನಿಂದ ಇನ್ನೊಂದು ದನಿ ಬಂತು: "ನಾವೂ ಅಷ್ಟೇ ಸಾ."

ಆ ವರ್ಷ ನಾಲ್ಕನೇ ಕ್ಲಾಸಿನಲ್ಲಿ ಹೊಸದಾಗಿ ಭಿನ್ನರಾಶಿ ಕಲಿತವನು ನಾನೊಬ್ಬನೇ.