ಹೊಸ್ತಿಲಲ್ಲಿ ನಿಂತ ಕೆಮ್ಮು

ಸರ್ಕಾರ ನಮಗೆ ಉತ್ತರ ಕೊಡಬೇಕೆಂದು ಹಟ ಹಿಡಿಯುವವರು, ಸರ್ಕಾರ ಕೇಳಿದಾಗ ತಾವೂ ನಿಜವಾದ ಉತ್ತರ ಕೊಡಬೇಕು ಎಂಬುದು ನನ್ನ ದೃಢವಾದ ನಂಬಿಕೆ. ವಿಶ್ವವಿದ್ಯಾಲಯದಲ್ಲಿ ಇಂಥ ಮಾತಿಗೆ ಚಪ್ಪಾಳೆ ಬೀಳುತ್ತಿತ್ತು. ಇರಕಲ್ಲಗಡದ ನಮ್ಮ ಮನೆಯಲ್ಲಿ ಅವ್ವ ದುರುಗುಟ್ಟಿ ನೋಡುತ್ತಾಳೆ, ಅಷ್ಟೇ. ಕ್ಷಯರೋಗದ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆ ಶಾಂತಕ್ಕ, "ಎರಡ ವಾರಕ್ಕಿಂತ ಹೆಚ್ಚಿಗಿ ಕೆಮ್ಮೋರು ಯಾರರ ಅದಾರೇನ್ರಿ?" ಎಂದಾಗ, ಅವ್ವ ಇಲ್ಲವೆನ್ನುವ ಮೊದಲೇ ನಾನು ಎದ್ದು ನಿಂತೆ. "ಅಜ್ಜ ಅದಾನ್ರಿ. ನಾ ಹುಟ್ಟಿದಾಗಿಂದ ಕೆಮ್ಮಾಕತ್ಯಾನ!" ರೋಗವನ್ನು ಮುಚ್ಚಿಡುವುದೂ ಭ್ರಷ್ಟಾಚಾರವೇ ಎಂದು ಅವ್ವನಿಗೆ ಒಂದು ಭಾಷಣವನ್ನೂ ಬಿಗಿದೆ. ಶಾಂತಕ್ಕ ಕಫದ ಡಬ್ಬಿ ಕೊಟ್ಟು ಹೋದಳು.

ಡಬ್ಬಿ ಹೋಯಿತು, ವರದಿ ಬರಲಿಲ್ಲ. ಹೊಣೆಗಾರಿಕೆ ಎಂಬ ಶಬ್ದ ಐದು ಕಡೆ ಬರುವಂಥ ಅರ್ಜಿಯೊಂದನ್ನು ಬರೆದುಕೊಂಡು ಆರೋಗ್ಯ ಕೇಂದ್ರಕ್ಕೆ ನುಗ್ಗಿದೆ. ಪ್ರಯೋಗಾಲಯದವರು ಶಾಂತವಾಗಿ ಹೇಳಿದರು: "ನೋಡ್ರಿ ತಂಗಿ, ನೀವು ಕಳಿಸಿದ್ದು ಬರೇ ಉಗುಳು. ಮತ್ತ ಕಫ ಕೊಡ್ರಿ ಅಂತ ಅಜ್ಜಾರಿಗೆ ಹೇಳಿ ಹೇಳಿ ಸಾಕಾತು. ಅವರು ನಮ್ಮನ್ನ ಕಂಡ್ರ ಓಣಿ ತಿರುಗ್ತಾರ." ಅರ್ಜಿ ಚೀಲದಲ್ಲೇ ಉಳಿಯಿತು.

ಕೊನೆಗೆ ಅಜ್ಜನನ್ನು ಕೊಪ್ಪಳಕ್ಕೆ ಕರೆದೊಯ್ದು ಎಕ್ಸ್-ರೇ ತೆಗೆಸಿದೆವು. ಎದೆ ನಿರ್ಮಲವಾಗಿತ್ತು. "ಮತ್ತ ಕೆಮ್ಮು ಎಲ್ಲಿಂದ ಬಂತು ಅಜ್ಜಾರ?" ಎಂದು ಡಾಕ್ಟರು ಕೇಳಿದರು.

"ಅದು ಬರೋದಲ್ಲ ಸಾಹೇಬ್ರ, ನಾನ ತರೋದು," ಎಂದ ಅಜ್ಜ. "ಮನ್ಯಾಗ ಸೊಸಿ ಇರ್ತಾಳ, ಮೊಮ್ಮಗಳು ಇರ್ತಾಳ. ಗಂಡಸು ಧುತ್ತಂತ ಒಳಗ ಹೊಕ್ಕಾನೇನ್ರಿ? ಅದಕ್ಕ ಹೊಸ್ತಿಲದಾಗ ನಿಂತು ಕೆಮ್ಮತೀನಿ."

ಡಾಕ್ಟರು ನಕ್ಕರು. ನಾನು ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಯಾವಾಗ ಎಂದು ಆಳವಾಗಿ ಅಧ್ಯಯನ ಮಾಡಿದೆ. ಆ ಕೆಮ್ಮು ಕೇಳಿದೊಡನೆ ಅವ್ವ ಸೆರಗು ಸರಿಪಡಿಸಿಕೊಳ್ಳುವುದನ್ನೂ ನಾನು ಮೊಬೈಲು ಬಚ್ಚಿಟ್ಟು ಪುಸ್ತಕ ತೆರೆಯುವುದನ್ನೂ ದಿನವೂ ಕಂಡಿದ್ದೆ. ಅದರ ಅರ್ಥ ಮಾತ್ರ ನನ್ನ ಪಠ್ಯಕ್ರಮದಲ್ಲಿರಲಿಲ್ಲ.

ಎಕ್ಸ್-ರೇಯ ವರದಿ ಬಂದರೂ ಅಜ್ಜನ ಮಾನ ಬೇಗ ಹಿಂದಿರುಗಲಿಲ್ಲ. ಕಟ್ಟೆಯ ಗೆಳೆಯರು, "ಬಾರಪಾ, ಸ್ವಲ್ಪ ದೂರ ಕುಂದ್ರು," ಎಂದು ಕಾಡಿದರು. ಅಜ್ಜ ಕೆಮ್ಮುವುದನ್ನೇ ಬಿಟ್ಟ. ಒಂದು ಸಂಜೆ ಅವ್ವ ತಲೆಗೂದಲು ಬಿಚ್ಚಿಕೊಂಡು ಒಣಗಿಸುತ್ತಿದ್ದಳು. ಹೊರಗೆ ನೋಡಿದರೆ, ತಾನೇ ಕಟ್ಟಿಸಿದ ಮನೆಯ ಮುಂದೆ ಅಜ್ಜ ಬೀಗರ ಹಾಗೆ ನಿಂತಿದ್ದಾನೆ.

"ಅಜ್ಜಾ, ಒಳಗ ಬಾ."

"ಹೆಂಗ ಬರ್ಲೆವ್ವಾ? ಕೆಮ್ಮಿದ್ರ ನೀ ಡಬ್ಬಿ ಹಿಡ್ಕೊಂಡು ಬರ್ತಿ."

ಸಮೀಕ್ಷೆ ತಪ್ಪಲ್ಲ, ಕೇಳಿದ ಪ್ರಶ್ನೆಯೂ ತಪ್ಪಲ್ಲ ಎಂದು ವಾದಿಸಬಹುದಿತ್ತು. ಆದರೆ ಅಜ್ಜ ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. ಬೇರೆ ದಾರಿ ಕಾಣದೆ ಅವನ ಪರವಾಗಿ ನಾನೇ ಗಟ್ಟಿಯಾಗಿ ಕೆಮ್ಮಿದೆ. ಒಳಗೆ ಅವ್ವ ಗಡಬಡಿಸಿ ಎದ್ದು ಸೆರಗು ಹೊದ್ದಳು. ಅಜ್ಜ ಮೀಸೆ ನೀವುತ್ತ ಒಳಗೆ ಬಂದ. "ಸಣ್ಣಗಾತು. ನಾಳಿಂದ ಎದಿಯಿಂದ ಬರ್ಬೇಕು ನೋಡು."

ಅಂದಿನಿಂದ ದಿನವೂ ಸಂಜೆ ಅಜ್ಜ ಬರುವ ಹೊತ್ತಿಗೆ ಹೊಸ್ತಿಲಲ್ಲಿ ಕುಳಿತು ಎದೆಯಿಂದಲೇ ಕೆಮ್ಮುತ್ತಿದ್ದೇನೆ, ಓಣಿಯೆಲ್ಲ ಕಿವಿಗೊಟ್ಟಿದೆ. ಮುಂದಿನ ಸಮೀಕ್ಷೆಯ ಹೊತ್ತಿಗೆ ಈ ಮನೆಯಲ್ಲಿ ನನ್ನಷ್ಟು ಪ್ರಾಮಾಣಿಕರು ಇನ್ನೊಬ್ಬರು ಇರದಿರಲಿ ಎಂಬುದೊಂದೇ ಸದ್ಯಕ್ಕೆ ನನ್ನ ಬೇಡಿಕೆ.