ಇಂಗ್ಲೆಂಡಿನ ಹೀರೋ, ನನ್ನ ಹೆಂಡತಿಯ ವೀಸಾ

ಎಂದೂ ಭೇಟಿಯಾಗದ ಮನುಷ್ಯನೊಬ್ಬ ಇಂಗ್ಲೆಂಡಿನಲ್ಲಿ ಎಡವಿದರೆ ದೋಹಾದಲ್ಲಿ ನನ್ನ ಎದೆ ಡವಡವ ಅನ್ನುತ್ತಿತ್ತು. ಅವನು ಪ್ರೇಮ-ಹಾಸ್ಯ ಚಿತ್ರಗಳ ನಾಯಕ. ನಾನು ಇಲ್ಲಿನ ಸಿನಿಮಾ ಮಂದಿರವೊಂದರಲ್ಲಿ ಚಿತ್ರ ಆರಿಸುವ ಗುಮಾಸ್ತ. ಒಂದು ಫಜೀತಿ ಮುಗಿಯುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತಿತ್ತು.

೧. ನಿನ್ನ ಹೀರೋ

ಅವನ ಚಿತ್ರ ತರಿಸೋಣ ಎಂದವನು ನಾನೇ. ಹಾಲ್ ತುಂಬಿತು. ಲೆಬನಾನಿನವರಾದ ಮ್ಯಾನೇಜರ್ ಬೆನ್ನು ತಟ್ಟಿ, “ನಿನ್ನ ಹೀರೋ ಭೇಷ್! ಇನ್ನೊಂದು ಹೀಗೇ ಓಡಲಿ, ನಿನ್ನ ಹೆಂಡತಿಯ ವೀಸಾ ಕಾಗದಕ್ಕೆ ಸಹಿ ಹಾಕ್ತೇನೆ” ಅಂದರು.

ಮದುವೆಯಾಗಿ ಎರಡು ವರ್ಷ. ಅವಳು ಉಡುಪಿಯಲ್ಲಿ, ನಾನು ದೋಹಾದ ಅಲ್ ಸದ್ದ್‌ನಲ್ಲಿ ಮೂವರ ಜೊತೆ ಒಂದೇ ಕೋಣೆಯಲ್ಲಿ. ಅಂದಿನಿಂದ ದೇವರಿಗೆ ಕೈಮುಗಿಯುವಾಗ ಮನೆಯವರ ಜೊತೆ ಆ ಇಂಗ್ಲಿಷಿನವನ ಹೆಸರನ್ನೂ ಸೇರಿಸತೊಡಗಿದೆ. ನಕ್ಷತ್ರ ಗೊತ್ತಿರಲಿಲ್ಲ, ಅಷ್ಟೆ.

೨. ಮೀಸೆ

ಮುಂದಿನ ಚಿತ್ರದಲ್ಲಿ ಪುಣ್ಯಾತ್ಮ ಗಂಭೀರ ನಟನಾಗಲು ಹೊರಟು ಮೀಸೆ ಬಿಟ್ಟ. ಎರಡು ಗಂಟೆ ಸಮಾಧಿಯ ಪಕ್ಕ ನಿಂತು ಅತ್ತ. ನಗಲು ಬಂದಿದ್ದ ಸಂಸಾರಗಳು ಪಾಪ್‌ಕಾರ್ನ್ ಹಿಡಿದುಕೊಂಡು ಸಾವಿನ ಮನೆಗೆ ಬಂದವರ ಹಾಗೆ ಕೂತಿದ್ದವು. ಮೂರೇ ದಿನಕ್ಕೆ ಚಿತ್ರ ತೆಗೆದದ್ದಾಯಿತು.

“ನಿನ್ನ ಹೀರೋ ಖಲಾಸ್!” ಎಂದು ಮ್ಯಾನೇಜರ್ ಕೂಗಾಡಿದರು, ಅವನು ನನ್ನ ಭಾವನೋ ಎಂಬಂತೆ. ನನ್ನ ಕಾಗದ ಅವರ ಟೀ ಗ್ಲಾಸಿನ ಅಡಿಗೆ ಹೋಯಿತು. ನನಗೆ ಊಟ ಸೇರಲಿಲ್ಲ.

ಹೆಂಡತಿ ಫೋನಿನಲ್ಲಿ, “ವೀಸಾ ಎಂತಾಯ್ತು?” ಅಂದಳು.

“ಅವ ಮೀಸೆ ಬೋಳಿಸ್ಲಿ ಮಾರಾಯ್ತಿ, ಮತ್ತೆ ನೋಡುವ.”

“ಯಾರು, ಮ್ಯಾನೇಜರಾ?”

೩. ಅವಳು ಒಪ್ಪಿದಳಾ?

ಬೋಳಿಸಿದ! ಮತ್ತೆ ಪ್ರೇಮಕ್ಕೆ ಇಳಿದ. ಮ್ಯಾನೇಜರನ್ನು ಕಾಡಿಬೇಡಿ ಆ ಚಿತ್ರವನ್ನೂ ತರಿಸಿದೆ. ಕೊನೆಯಲ್ಲಿ ಅವನು ಊರಿಡೀ ಓಡಿ, ರೈಲು ನಿಲ್ದಾಣದಲ್ಲಿ ನಾಯಕಿಯ ಮುಂದೆ ಏದುಸಿರು ಬಿಡುತ್ತಾ ನಿಂತು, ಮದುವೆಯಾಗ್ತೀಯಾ ಅನ್ನುತ್ತಾನೆ. ಮುಂದಿನದು ಮುತ್ತು. ಇಲ್ಲಿನ ಸೆನ್ಸಾರಿನಲ್ಲಿ ಮುತ್ತಿಗೆ ಕತ್ತರಿ. ಅದರ ಜೊತೆ ಅವಳ ಉತ್ತರಕ್ಕೂ ಕತ್ತರಿ ಬಿದ್ದಿತ್ತು. ನೇರವಾಗಿ ಕೊನೆಯ ಹೆಸರುಗಳ ಪಟ್ಟಿ ಬಂತು, ದೀಪ ಹತ್ತಿತು.

ಜನ ನನ್ನನ್ನು ಮುತ್ತಿಕೊಂಡರು. ದೂರದ ರಾಸ್ ಲಫಾನ್ ಗ್ಯಾಸ್ ಸ್ಥಾವರದಲ್ಲಿ ಶಿಫ್ಟ್ ಮುಗಿಸಿ ಬಂದಿದ್ದ ಮಂಗಳೂರಿನ ಇಂಜಿನಿಯರೊಬ್ಬರು, “ಅಷ್ಟು ದೂರದಿಂದ ಬಂದದ್ದು ಮಾರಾಯ್ರೆ. ಅವಳು ಒಪ್ಪಿದ್ಳಾ ಇಲ್ವಾ?” ಅಂದರು.

ನನಗೇನು ಗೊತ್ತು? ನಾನು ನೋಡಿದ್ದೂ ಕತ್ತರಿಸಿದ್ದನ್ನೇ. ಹೆದರಿ, “ಒಪ್ಪಿದ್ಳು, ಚರ್ಚಿನಲ್ಲಿ ಮದುವೆ” ಅಂದೆ. ಮರುದಿನ ಹಿರಿಯರೊಬ್ಬರು, “ಇಂಥವನಿಗೆ ಯಾರು ಹೆಣ್ಣು ಕೊಡ್ತಾರೆ?” ಎಂದು ಗುಡುಗಿದಾಗ, “ಕೊಡ್ಲಿಲ್ಲ ಸಾರ್, ಅವಳು ರೈಲು ಹತ್ತಿದ್ಳು” ಅಂದುಬಿಟ್ಟೆ.

ಇಬ್ಬರೂ ಐನ್ ಖಾಲಿದ್ ಬಡಾವಣೆಯಲ್ಲಿ ಅಕ್ಕಪಕ್ಕದ ಮನೆಯವರಂತೆ! ಅವರ ವಾದ ಬೀದಿಗೆಲ್ಲ ಹಬ್ಬಿತು. ಶುಕ್ರವಾರ ಎರಡೂ ಪಕ್ಷದವರು ನೆಂಟರಿಷ್ಟರನ್ನು ಕಟ್ಟಿಕೊಂಡು ಚಿತ್ರವನ್ನು ಇನ್ನೊಮ್ಮೆ ನೋಡಿ ಪರೀಕ್ಷಿಸಲು ಬಂದರು. ಹಾಲ್ ಭರ್ತಿ.

ಮ್ಯಾನೇಜರ್ ಕರೆದರು. ನನ್ನ ಸುಳ್ಳು ಸಿಕ್ಕಿಬಿತ್ತೆಂದುಕೊಂಡೇ ಹೋದೆ. ಅವರು ನನ್ನ ವೀಸಾ ಕಾಗದ ತೆಗೆದು, ಪೆನ್ನು ಬಿಚ್ಚಿ, ಅಲ್ಲೇ ತಡೆದರು. ಎದ್ದು ಬಾಗಿಲು ಹಾಕಿ ಬಂದು ಪಿಸುಗುಟ್ಟಿದರು:

“ನನ್ನ ಹೆಂಡತಿ ದಿನಾ ಪ್ರಾಣ ತಿಂತಾಳೆ. ನಿಜ ಹೇಳು, ಕೊನೆಗೆ ಆ ಹುಡುಗಿ ಅವನ ಹತ್ರ ಬಂದ್ಳಾ?”

ನನ್ನ ಕಣ್ಣು ಪೆನ್ನಿನ ತುದಿಯಲ್ಲಿತ್ತು.

“ಅದು ನಿಮ್ಮ ಕೈಯಲ್ಲಿದೆ ಸಾರ್. ಸಹಿ ಹಾಕಿದ್ರೆ ಮುಂದಿನ ತಿಂಗಳೇ ಬರ್ತಾಳೆ.”