ಏರುಮಡಿಯ ದಾಹ

ಮನಸ್ಸು ಮಾಡಿದರೆ ನಾನು ಕಲ್ಲಿನ ಮೇಲೂ ಬದನೆಕಾಯಿ ಬೆಳೆಯಬಲ್ಲೆ! ಹಾವೇರಿಯ ನಮ್ಮ ಬಾಡಿಗೆ ಮನೆಯ ಕಟ್ಟೆಯ ಮೇಲೆ ನಿಂತು ಹೀಗೆಂದು ಜಗತ್ತಿಗೆ ಸಾರಿದ್ದು ದೀಪಾವಳಿ ಪಾಡ್ಯದ ದಿನ. ಕೆಣಕಿದವನು ನನ್ನ ಹೆಂಡತಿ ಮಂಗಳವ್ವನ ತಮ್ಮ ಪರಮೇಶಪ್ಪ. ಗುತ್ತಲದಲ್ಲಿ ಹೊಲ ಮಾಡುವ ಈತ ಬಂದಾಗಲೆಲ್ಲ ಒಂದು ಚೀಲ ಕಾಯಿಪಲ್ಲೆ ತಂದು ಪಡಸಾಲೆಯಲ್ಲಿ ಸುರಿಯುತ್ತಾನೆ. ಜೊತೆಗೆ ಒಂದು ಚುಚ್ಚುಮಾತನ್ನೂ ಸುರಿಯುತ್ತಾನೆ.

“ತಗೋರಿ ಮಾಮಾ. ಆಫೀಸನ್ಯಾಗ ಕುಂತು ನೀವೇನ್ ಬೆಳಸ್ತೀರಿ? ಹೊಟ್ಟಿ ಒಂದು!”

“ಲೇ ಪರಮೇಶಿ! ಸಂಕ್ರಮಣಕ್ಕ ಬಾ. ಇದ ಚೀಲಾ ನನ್ನ ಹಿತ್ತಲಾಗ ಬೆಳದದ್ದರಲೆ ತುಂಬಿ ಗುತ್ತಲಕ್ಕ ಕಳಸ್ತೀನಿ. ಇಲ್ಲಾಂದ್ರ ಈ ಮೀಸಿ ಬೋಳಸ್ತೀನಿ!”

“ಮೀಸಿ ಸುದ್ದಿ ಬ್ಯಾಡ್ರಿ” ಎಂದಳು ಮಂಗಳವ್ವ ಒಳಗಿನಿಂದ. “ನಿಮ್ಮ ಮಾರಿ ಮ್ಯಾಲ ನೋಡೂವಂಥಾದ್ದು ಅದೊಂದ ಐತಿ.”

ಆದರೆ ಬಾಣ ಬಿಟ್ಟಾಗಿತ್ತು!

ಮರುದಿನವೇ ಹಾರೆ ಹಿಡಿದು ಹಿತ್ತಲಿಗೆ ದಂಡೆತ್ತಿ ಹೋದೆ. ಎಲ್ಲಿ ಹೊಡೆದರೂ ಕಲ್ಲು, ಕಿಡಿ! ಕೊನೆಗೆ ರೇಡಿಯೋದ ಕೃಷಿ ಕಾರ್ಯಕ್ರಮ ಕೈ ಹಿಡಿಯಿತು. ನೆಲ ಒಲ್ಲೆನೆಂದರೆ ಅದರ ಮೇಲೆ ಇಟ್ಟಂಗಿಯ ಚೌಕ ಕಟ್ಟಿ, ಒಳಗೆ ಮಣ್ಣು ಗೊಬ್ಬರ ತುಂಬಬೇಕಂತೆ. ಅದೇ ಏರುಮಡಿ! ಹಿತ್ತಲಿನ ಮೂಲೆಯೊಂದರಲ್ಲಿ ಮಾತ್ರ ನೆಲ ಮೆತ್ತಗಿತ್ತು. ತುಳಿದರೆ ‘ಢಬ್ ಢಬ್’ ಎನ್ನುತ್ತಿತ್ತು. ಭೂಮಿತಾಯಿಯ ಎದೆಬಡಿತವೇ ಸರಿ ಎಂದು ಕೈಮುಗಿದು ಅಲ್ಲೇ ಕಟ್ಟಿದೆ. ಮನೆಯ ಮಾಲೀಕರಾದ ಮಲಂಗಸಾಬರನ್ನು ಒಂದು ಮಾತು ಕೇಳಬೇಕಿತ್ತು, ಖರೆ. ಅವರು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ತೂಕದ ಕೆಲಸಕ್ಕೆ ಹೋಗಿದ್ದರು. ಮಹಾಕಾರ್ಯಗಳು ಮಾಲೀಕರಿಗಾಗಿ ಕಾಯುವುದುಂಟೇ?

ರಾಣೆಬೆನ್ನೂರಿಗೆ ಹೋಗಿ ಬದನೆ ಸಸಿ ತಂದು ಹಚ್ಚಿದೆ. ಮೂಲಂಗಿ, ಮೆಂತ್ಯ ಬಿತ್ತಿದೆ. ಎಲ್ಲವೂ ನಳನಳಿಸಿದವು! ವಿಚಿತ್ರವೆಂದರೆ ಮಡಿಯ ದಾಹ ಮಾತ್ರ ತೀರಲಿಲ್ಲ. ಎಷ್ಟು ಕೊಡ ಸುರಿದರೂ ಗಟಗಟ ಕುಡಿದು, ಎಲ್ಲೋ ಆಳದಲ್ಲಿ ‘ಗುಳುಗುಳು’ ಎಂದು ತೇಗುತ್ತಿತ್ತು.

“ನಳಾ ಬರೂದ ದಿನಾ ಬಿಟ್ಟ ದಿನಾ. ಬಂದ ನೀರೆಲ್ಲಾ ಅದಕ್ಕ ಕುಡಸಿದ್ರ ಜಳಕಾ ಮಾಡೂದು ಬ್ಯಾಡೇನು?” ಎಂದು ಮಂಗಳವ್ವ ಕೊಡ ಕಸಿದುಕೊಂಡಳು.

“ಬೇರು ಪಾತಾಳಕ್ಕ ಇಳ್ಯಾಕತ್ತಾವ! ನಿನಗೇನ್ ತಿಳೀತೈತಿ? ಇದು ವಿಜ್ಞಾನ!”

“ವಿಜ್ಞಾನ ನಾರಾಕತ್ತೈತಿ. ಮೊದ್ಲ ಆ ಅಂಗಿ ಕಳದು ಒಗ್ಯಾಕ ಹಾಕ್ರಿ.”

ಸಂಕ್ರಮಣ ಬಂತು. ಪರಮೇಶಪ್ಪ ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ನಗುತ್ತ ಬಂದ. ಹಿತ್ತಲಿಗೆ ಕಾಲಿಟ್ಟವನೇ ನಗು ನುಂಗಿದ. ಗಿಡದ ತುಂಬ ಬದನೆ! ತೋಳು ಗಾತ್ರದ ಮೂಲಂಗಿ!

ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಬರಹದ ಅಗತ್ಯ ಬೀಳುತ್ತಿರಲಿಲ್ಲ. ಆದರೆ ಗೆದ್ದವನಿಗೆ ಒಂದು ವೇದಿಕೆ ಬೇಡವೇ? ಧೋತರ ಎತ್ತಿ ಕಟ್ಟಿ ಮಡಿಯನ್ನೇರಿದೆ. ಮೀಸೆ ತಿರುವಿದೆ.

“ನೋಡೋ ಪರಮೇಶಿ! ಭೀಮನ ಎದಿ ಹಂಗ ಐತಿ ನನ್ನ ಮಡಿ!” ಎಂದು ಕಾಲೆತ್ತಿ ಅಪ್ಪಳಿಸಿದೆ.

ಲಟಕ್!

ಕಣ್ಣು ಬಿಟ್ಟಾಗ ಎದೆಯವರೆಗೆ ನೆಟ್ಟು ನಿಂತಿದ್ದೆ. ಕೊರಳಿಗೆ ಮೆಂತ್ಯದ ಹಾರ. ಬದನೆ, ಮೂಲಂಗಿಗಳೆಲ್ಲ ನನ್ನ ಮಗ್ಗುಲಿಂದಲೇ ಜಾರಿ, ಒಂದೊಂದಾಗಿ ಪಾತಾಳ ಸೇರಿ ‘ಗುಳಂ’ ಎಂದವು. ಒಂದು ಕಾಯಿಯೂ ಉಳಿಯಲಿಲ್ಲ! ಮೀಸೆಯ ಗತಿ?

ಪೇಟೆಗೆ ಸೂಟಿಯೆಂದು ಆಗಷ್ಟೇ ಬ್ಯಾಡಗಿಯಿಂದ ಬಂದಿದ್ದ ಮಲಂಗಸಾಬರು ಗದ್ದಲ ಕೇಳಿ ಓಡಿ ಬಂದರು.

“ಯಾ ಅಲ್ಲಾ! ಸಾಹೇಬ್ರ, ಅದು ನಮ್ಮ ಅಜ್ಜನ ಹಗೇವು ರೀ!”

ಹಗೇವು! ಹಿಂದೆ ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ. ಬಾಯಿಗೆ ಹಲಗೆ ಹಾಸಿ ಮಣ್ಣೆಳೆದು ಬಿಟ್ಟಿದ್ದರಂತೆ. ಆ ಹಲಗೆಗೆ ದೀಪಾವಳಿಯಿಂದ ನೀರುಣಿಸಿ ಕೊಳೆಸಿದ ವಿಜ್ಞಾನಿ ನಾನೇ! ಹಗೇವಿಗೆ ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ನನಗೆ ಎರಡೂ ದೊಡ್ಡವು. ಹಾಗಾಗಿಯೇ ಬಿರಡೆಯಂತೆ ಸಿಕ್ಕಿಕೊಂಡು ಬದುಕಿದೆ.

“ಅಂಜಬ್ಯಾಡ್ರಿ, ಕೈ ಕೊಡ್ರಿ” ಎಂದು ಮಲಂಗಸಾಬರು ಬಾಗಿದರು. ಅವರ ಅಂಗಿಯ ತುಂಬ ಮೆಣಸಿನಕಾಯಿಯ ಘಾಟು! ಆಕ್ಷೀ! ಸೀನಿದ ರಭಸಕ್ಕೆ ಗೇಣುದ್ದ ಕೆಳಗಿಳಿದೆ.

“ದೂರ ಸರೀರಿ ಮಲಂಗಸಾಬ್ರ!”

“ಏನಂದ್ರಿ?” ಎಂದು ಅವರು ಇನ್ನಷ್ಟು ಬಾಗಿದರು. ಆಕ್ಷೀ! ಮಣ್ಣು ಮೀಸೆಗೆ ಮುಟ್ಟಿತು.

ಅಷ್ಟರಲ್ಲಿ ಮಂಗಳವ್ವ ಕೊಡ ತಂದು ನನ್ನ ತಲೆಯ ಮೇಲೆ ಬಗ್ಗಿಸಿದಳು. “ಸುತ್ತ ಮಣ್ಣ ನೆನದ್ರ ಸಡ್ಲ ಆಗ್ತೈತಿ. ಹಬ್ಬದ ಜಳಕಾನೂ ಆತು!”

“ಅಕ್ಕಾ, ನೀ ಆಚಿ ಸರಿ” ಎಂದು ಪರಮೇಶಪ್ಪ ಕೆಸರಿನೊಳಗೆ ಕೈ ತೂರಿಸಿ ನನ್ನ ಕಂಕುಳು ಹಿಡಿದ. “ಮೂಲಂಗಿ ಕೀಳೂ ಹಂಗ ಬುಡಾ ಅಳ್ಳಾಡಿಸಿ ಎಳೀಬೇಕು.”

ಅಳ್ಳಾಡಿಸಿದ. ಎಳೆದ. ‘ಪಚಕ್’ ಎಂದು ನಾನು ಹೊರಬಂದೆ. ಧೋತರ ಮಾತ್ರ ಹಗೇವಿನಲ್ಲೇ ಉಳಿಯಿತು! ಗೋಡೆಯಾಚೆ ಓಣಿಯ ತಲೆಗಳೆಲ್ಲ ಸಾಲಾಗಿ ಎದ್ದಿದ್ದವು. ಕೈಗೆ ಸಿಕ್ಕಿದ್ದು ಪರಮೇಶಪ್ಪನ ಖಾಲಿ ಚೀಲ. ಗಬಕ್ಕನೆ ಅದರೊಳಗೆ ಎರಡೂ ಕಾಲಿಟ್ಟು ಸೊಂಟದವರೆಗೆ ಎಳೆದುಕೊಂಡೆ. ತಲೆ ತಗ್ಗಿಸಿ ಮೀಸೆಯ ಕೆಸರು ಒರೆಸಿಕೊಂಡೆ.

ಪರಮೇಶಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ಮಾಮಾ, ಮೀಸಿ ಉಳೀತ ಬಿಡ್ರಿ. ನೀವಂದಂಗ ಚೀಲಾ ತುಂಬೇತಿ!”

“ಹಂಗಾರ ಲಗೂನ ಗುತ್ತಲಕ್ಕ ಒಯ್ಯೋ ತಮ್ಮಾ” ಎಂದಳು ಮಂಗಳವ್ವ, ಖಾಲಿ ಕೊಡ ಎತ್ತಿಕೊಳ್ಳುತ್ತ. “ಆದ್ರ ಬೀಜಕ್ಕ ಮಾತ್ರ ಇಡಬ್ಯಾಡ!”